ಎಲ್ಲ ಮರೆವೂ ಅರಳು ಮರಳಲ್ಲ

ಪ್ರಶ್ನೆ: ಡಾಕ್ಟರೇ, ನಮ್ಮ ತಾಯಿಗೆ 64 ವರ್ಷ. ಸಕ್ಕರೆ ಕಾಯಿಲೆಗೆ ಒಂಬತ್ತು ವರ್ಷಗಳಿಂದ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನಾವು ಸಸ್ಯಾಹಾರಿಗಳು, ಎರಡು ಹಸುಗಳಿದ್ದರೂ ಹಾಲೆಲ್ಲ ಡೇರಿಗೆ ಹೋಗುತ್ತದೆ, ಮನೆಗೆ ಉಳಿಯುವುದು ಕಾಫಿಗಾಗುವಷ್ಟು. ಆರು ತಿಂಗಳಿಂದೀಚೆಗೆ ಅಮ್ಮ ಮುದ್ದೆಗೆ ಎಸರಿಟ್ಟು ಮರೆತುಬಿಡುತ್ತಾರೆ. ಮಾತು ಕಡಿಮೆಯಾಗಿದೆ, ಯಾವುದರಲ್ಲೂ ಆಸಕ್ತಿಯಿಲ್ಲ. ಪಾದ ಸದಾ ಜೋಮು ಹಿಡಿದಂತಿರುತ್ತದೆ ಎನ್ನುತ್ತಾರೆ. ನಡೆಯುವಾಗ ಚಪ್ಪಲಿ ಕಳಚಿಹೋದರೂ ಅವರಿಗೆ ತಿಳಿಯುವುದಿಲ್ಲ. ಹಿಮೋಗ್ಲೋಬಿನ್ 12.4 ಇದೆ. ಅರವತ್ತಕ್ಕೆ ಅರಳು ಮರಳು ಎಂದು ನೆಂಟರು ಹೇಳುತ್ತಾರೆ. ಇದು ಮರೆವಿನ ಕಾಯಿಲೆಯ ಆರಂಭವೇ?
— ಓದುಗರೊಬ್ಬರು, ಶ್ರೀನಿವಾಸಪುರ, ಕೋಲಾರ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋದದ್ದು ಆ ಚಪ್ಪಲಿಯ ಕಡೆಗೆ. ಪಾದದ ಸ್ಪರ್ಶಜ್ಞಾನ ಕುಂದುವುದು ಸಕ್ಕರೆ ಕಾಯಿಲೆಯಲ್ಲಿ ಸಾಮಾನ್ಯವೇ. ಆದರೆ ಅದರ ಜೊತೆಗೆ ಮರೆವೂ ಮಂಕೂ ಸೇರಿಕೊಂಡು, ರೋಗಿಯು ಹಾಲು ಕಡಿಮೆ ಕುಡಿಯುವ ಸಸ್ಯಾಹಾರಿಯಾಗಿದ್ದು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದರೆ, ವಿಟಮಿನ್ ಬಿ12 ಎಷ್ಟಿದೆ ಎಂದು ನೋಡಿಕೊಂಡೇ ಮುಂದಿನ ಮಾತನಾಡಬೇಕು.

ನರತಂತುಗಳ ಮೇಲಿರುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಕೆಡದಂತಿರಲು ಈ ವಿಟಮಿನ್ ಬೇಕು. ಪಾದದಲ್ಲಿ ಜೋಮಾಗಿಯೂ ಮಿದುಳಿನಲ್ಲಿ ಮರೆವು, ಖಿನ್ನತೆಗಳಾಗಿಯೂ ಕಾಣಿಸಿಕೊಳ್ಳುವುದು ಒಂದೇ ಕೊರತೆಯಿರಬಹುದು. ದಿನಕ್ಕೆ ಬೇಕಾದದ್ದು ಸುಮಾರು ಎರಡೂವರೆ ಮೈಕ್ರೋಗ್ರಾಂ ಮಾತ್ರ. ಅಷ್ಟೂ ರಾಗಿಯಲ್ಲಿಲ್ಲ, ಅವರೆಕಾಳಿನಲ್ಲಿಲ್ಲ, ಸೊಪ್ಪಿನಲ್ಲಂತೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸಗಳಲ್ಲಿದೆ. ಮೆಟ್‌ಫಾರ್ಮಿನ್ ಕರುಳಿನಲ್ಲಿ ಅದರ ಹೀರುವಿಕೆಯನ್ನು ತಗ್ಗಿಸುತ್ತದೆ. ಗ್ಯಾಸ್ಟ್ರಿಕ್ ಎಂದು ತಿಂಗಳುಗಟ್ಟಲೆ ನುಂಗುವ ಮಾತ್ರೆಗಳೂ ಹಾಗೆಯೇ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ಸಂಗ್ರಹವಿರುವುದರಿಂದ ಕೊರತೆ ತಡವಾಗಿ ಹೊರಬೀಳುತ್ತದೆ.

ಹಿಮೋಗ್ಲೋಬಿನ್ ಸರಿಯಿದೆಯೆಂದು ನೆಮ್ಮದಿಪಡಬೇಡಿ. ನಿಮ್ಮ ಕಡೆಯ ಬೆರಕೆ ಸೊಪ್ಪಿನ ಸಾರಿನಲ್ಲಿ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಚೆನ್ನಾಗಿಯೇ ಇರುತ್ತದೆ. ಅದು ಬಿ12 ಕೊರತೆಯಿಂದ ಬರುವ ರಕ್ತಹೀನತೆಯನ್ನು ಮರೆಮಾಚಬಲ್ಲದೇ ಹೊರತು ನರಗಳ ಹಾನಿಯನ್ನು ತಡೆಯಲಾರದು. ಒಳ್ಳೆಯ ಊಟವೇ ವೈದ್ಯರ ದಾರಿ ತಪ್ಪಿಸುವ ವಿಚಿತ್ರ ಸಂದರ್ಭವಿದು.

ಬಿ12 ಜೊತೆಗೆ ಥೈರಾಯ್ಡ್‌ಗಾಗಿ ಟಿಎಸ್‌ಎಚ್ ಮತ್ತು ಸೋಡಿಯಂ ಪರೀಕ್ಷೆಗಳನ್ನೂ ಮಾಡಿಸಿ. ಥೈರಾಯ್ಡ್ ಕುಗ್ಗಿದರೂ ಮನಸ್ಸು ಜಡವಾಗುತ್ತದೆ. ರಕ್ತದೊತ್ತಡಕ್ಕೆಂದು ಕೊಡುವ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳಿಂದ ಸೋಡಿಯಂ ಇಳಿದು ವಯಸ್ಸಾದವರಿಗೆ ಗೊಂದಲ ಉಂಟಾಗುವುದುಂಟು. ಬಿ12 ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯೆಂದೇ ಸಾಮಾನ್ಯವಾಗಿ ಭಾವಿಸುತ್ತೇವೆ. 200ರಿಂದ 300ರ ನಡುವೆ ಇದ್ದು ಇಷ್ಟೆಲ್ಲ ಲಕ್ಷಣಗಳಿದ್ದರೆ ಚಿಕಿತ್ಸೆ ಆರಂಭಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ನರಗಳಿಗೆ ಪೆಟ್ಟು ಬಿದ್ದಿರುವಾಗ ಮೊದಲು ಇಂಜೆಕ್ಷನ್ ಕೊಡುವುದೇ ರೂಢಿ. ಉತ್ಸಾಹ ಕೆಲವು ವಾರಗಳಲ್ಲಿ ಮರಳಬಹುದು, ಜೋಮು ಇಳಿಯಲು ತಿಂಗಳುಗಳೇ ಬೇಕು, ಹಳೆಯ ಹಾನಿ ಪೂರ್ತಿ ಹೋಗದೆಯೂ ಇರಬಹುದು. ಮೆಟ್‌ಫಾರ್ಮಿನ್ ಅನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಇವೆಲ್ಲ ಸರಿಯಿದ್ದೂ ಮರೆವು ಹೆಚ್ಚುತ್ತಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಿ. ಅಲ್ಲಿಯವರೆಗೆ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಕೊಡಿಸಿ, ರಾತ್ರಿ ಮಲಗುವ ಮುನ್ನ ಅವರ ಪಾದಗಳನ್ನು ನೀವೇ ದೀಪದ ಬೆಳಕಿನಲ್ಲಿ ನೋಡಿ. ಜಾಲಿ ಮುಳ್ಳು ಚುಚ್ಚಿಕೊಂಡಿದ್ದರೂ ಅವರಿಗೆ ತಿಳಿದಿರಲಿಕ್ಕಿಲ್ಲ.