ದೇಶ ಅಂದರೆ ಯಾವ ದೇಶ?

ಓದುಗರ ಪತ್ರ: "ಕಳೆದ ಸಂಚಿಕೆಯ ಒಂದು ಲೇಖನದಲ್ಲಿ 'ಸಂಕಥನ' ಅನ್ನುವ ಪದ ಎಷ್ಟು ಸಲ ಬಂತೋ! ಒಂದು ಸಲವೂ ಅರ್ಥವಾಗಲಿಲ್ಲ. ನನ್ನ ಮಗಳು ಸೈಕಾಲಜಿ ಎಂ.ಎ. ಮುಗಿಸಿ ಈ ಸಂಕಥನದ ಮೇಲೇ ಪಿಎಚ್.ಡಿ. ಮಾಡುತ್ತಾಳಂತೆ. ಜನ ಮಾತಾಡುವುದನ್ನು ಕೇಳಿಸಿಕೊಂಡು ಕೂರುವುದೂ ಒಂದು ಕೆಲಸವಾ?" (ನಿವೃತ್ತ ಶಿಕ್ಷಕರು, ತುಮಕೂರು)

ಮೇಷ್ಟ್ರೇ,

ಎಣಿಸಿ ನೋಡಿದೆ, 17 ಸಲ ಬಂದಿದೆ. ತಪ್ಪು ನಮ್ಮದೇ. ಆದರೆ ಅದರ ಸಿಟ್ಟನ್ನು ಮಗಳ ಮೇಲೆ ತೀರಿಸಿಕೊಳ್ಳಬೇಡಿ. ಇದೇ ಕೆಲಸದಲ್ಲಿ ಜೀವನ ಕಳೆದ ಒಬ್ಬರ ಕಥೆ ಹೇಳುತ್ತೇನೆ.

ಮೈಕೆಲ್ ಬಿಲ್ಲಿಗ್ ಅಂತ. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ, ಹುಟ್ಟಿದ್ದು 1947ರಲ್ಲಿ. ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ತಾಜ್‌ಫೆಲ್ ಅವರ ಶಿಷ್ಯ. ತಾಜ್‌ಫೆಲ್ ಪೋಲೆಂಡಿನ ಯಹೂದಿ, ಮಹಾಯುದ್ಧದಲ್ಲಿ ಸೆರೆಸಿಕ್ಕಿ ಹೇಗೋ ಬದುಕಿ ಬಂದವರು, ಬಂದು ನೋಡಿದರೆ ಮನೆಯವರು ಯಾರೂ ಉಳಿದಿರಲಿಲ್ಲ. ಮನುಷ್ಯ 'ನಮ್ಮವರು', 'ಅವರು' ಅಂತ ಯಾಕೆ ಗೆರೆ ಎಳೆಯುತ್ತಾನೆ ಅನ್ನುವುದು ಅವರಿಗೆ ಬರೀ ಪಾಠದ ಪ್ರಶ್ನೆ ಆಗಿರಲಿಲ್ಲ.

ಗುರು, ಶಿಷ್ಯ ಮತ್ತಿಬ್ಬರು ಸೇರಿ 1971ರಲ್ಲಿ ಪ್ರಕಟಿಸಿದ ಪ್ರಯೋಗ ಈಗಲೂ ಪಠ್ಯಪುಸ್ತಕಗಳಲ್ಲಿದೆ. ಶಾಲೆಯ ಹುಡುಗರಿಗೆ ಎರಡು ಥರದ ಚಿತ್ರ ತೋರಿಸಿ, ನೀನು ಈ ಚಿತ್ರಕಾರನ ಗುಂಪು, ನೀನು ಆ ಚಿತ್ರಕಾರನ ಗುಂಪು ಅಂದರು. ನಿಜ ಹೇಳಬೇಕೆಂದರೆ ಸುಮ್ನೆ ಹಂಚಿದ್ದು. ಆಮೇಲೆ ಯಾವ ಗುಂಪು ಅನ್ನುವುದು ಬಿಟ್ಟರೆ ಯಾರೆಂದೇ ಗೊತ್ತಿಲ್ಲದ ಇಬ್ಬರಿಗೆ ಅಂಕ ಹಂಚಬೇಕು, ಅಂಕಕ್ಕೆ ಕಾಸು ಸಿಗುತ್ತದೆ. ತನ್ನ ಗುಂಪಿನವನಿಗೆ 19 ಕೊಟ್ಟರೆ ಆಚೆಯವನಿಗೆ 25 ಹೋಗುತ್ತದೆ. ತನ್ನವನಿಗೆ 7 ಸಾಕು ಅಂದರೆ ಆಚೆಯವನಿಗೆ ಒಂದೇ ಒಂದು. ಹುಡುಗರ ಮನಸ್ಸು ವಾಲಿದ್ದು ಎತ್ತ ಗೊತ್ತಾ? ತನ್ನವನಿಗೆ ಕಮ್ಮಿಯಾದರೂ ಪರವಾಗಿಲ್ಲ, ಆಚೆಯವನಿಗೆ ಅವನಿಗಿಂತ ಜಾಸ್ತಿ ಹೋಗಬಾರದು. ಅಣ್ಣ ತಮ್ಮಂದಿರ ಜಮೀನು ಪಾಲು ನೋಡಿದವರಿಗೆ ಇದೇನೂ ಹೊಸದಲ್ಲ ಬಿಡಿ.

ಇಷ್ಟು ಹೆಸರು ಬಂದ ಮೇಲೆ ಬೇರೆಯವರಾದರೆ ಅದನ್ನೇ ಇನ್ನೂ ಮೂವತ್ತು ವರ್ಷ ಮಾಡುತ್ತಿದ್ದರು. ಬಿಲ್ಲಿಗ್ ಪ್ರಯೋಗಾಲಯ ಬಿಟ್ಟು ಮಾತಿನ ಕಡೆ ಹೊರಟರು. ಬ್ರಿಟನ್ನಿನ ನ್ಯಾಷನಲ್ ಫ್ರಂಟ್ ಅನ್ನುವ ಬಲಪಂಥೀಯ ಪಕ್ಷದವರನ್ನು ಮಾತಾಡಿಸಿ, ಅವರ ಕರಪತ್ರ ಓದಿ, 1978ರಲ್ಲಿ ಪುಸ್ತಕ ಬರೆದರು. 1985ರಲ್ಲಿ ಲಫ್‌ಬರೋ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಹೋದರು. ಅಲ್ಲಿ ಮಾತನ್ನೇ ಮನಶ್ಶಾಸ್ತ್ರದ ವಿಷಯ ಮಾಡಿಕೊಂಡ ಒಂದು ಗುಂಪೇ ಬೆಳೆಯಿತು. ಯೋಚನೆ ಅಂದರೆ ಒಳಗೊಳಗೇ ನಡೆಯುವ ವಾದ ಅನ್ನುವುದು ಅವರ ಮಾತು. ಇಂಗ್ಲೆಂಡಿನ ಸಾಮಾನ್ಯ ಮನೆಗಳಲ್ಲಿ ರಾಜಮನೆತನದ ಬಗ್ಗೆ ಹರಟೆ ಹೊಡೆಸಿ ರೆಕಾರ್ಡ್ ಮಾಡಿಕೊಂಡರೆ, ಜನ ರಾಣಿಯ ನೆಪದಲ್ಲಿ ತಮ್ಮ ಬದುಕಿನ ಬಗ್ಗೆಯೇ ಮಾತಾಡುತ್ತಿದ್ದರು!

ನನಗೆ ಚುರುಕು ಮುಟ್ಟಿಸಿದ್ದು ಮಾತ್ರ 1995ರ 'ಬನಾಲ್ ನ್ಯಾಷನಲಿಸಂ' ಪುಸ್ತಕ. ದಿನಾ ಇದ್ದೂ ಕಣ್ಣಿಗೆ ಬೀಳದ ರಾಷ್ಟ್ರೀಯತೆ ಅಂತ ಅರ್ಥ. ಕೈಯಲ್ಲಿ ಹಿಡಿದು ಬೀಸುವ ಬಾವುಟ ಎಲ್ಲರಿಗೂ ಕಾಣುತ್ತದೆ, ಸರ್ಕಾರಿ ಕಟ್ಟಡದ ಮೇಲೆ ಸುಮ್ಮನೆ ಜೋತಾಡುವುದು ಯಾರಿಗೂ ಕಾಣುವುದಿಲ್ಲ, ಆದರೆ ದಿನಾ ಕೆಲಸ ಮಾಡುವುದು ಅದೇ, ಅಂತಾರೆ. ಒಂದೇ ದಿನದ ಬ್ರಿಟಿಷ್ ಪತ್ರಿಕೆಗಳನ್ನು ಗುಡ್ಡೆ ಹಾಕಿಕೊಂಡು 'ನಾವು', 'ಇಲ್ಲಿ' ಅನ್ನುವ ಚಿಕ್ಕ ಪದಗಳನ್ನು ಹುಡುಕಿದರು. ಹವಾಮಾನ ವರದಿಯನ್ನೂ ಬಿಡಲಿಲ್ಲ. ಅದನ್ನು ಓದಿ ನಮ್ಮ ಪತ್ರಿಕೆ ತೆರೆದೆ. ಎಂಟನೇ ಪುಟದ ತಲೆಬರಹ 'ದೇಶ-ವಿದೇಶ'. ಯಾವ ದೇಶ ಅಂತ ಎಲ್ಲೂ ಬರೆದಿಲ್ಲ. ಒಬ್ಬ ಓದುಗರೂ ಕೇಳಿಲ್ಲ, ನೀವೂ ಸೇರಿ. ಮಗಳು ಓದಲು ಹೊರಟಿರುವುದು ಇದನ್ನೇ. ಸಂಕಥನ ಅಂದರೂ ಹೆಚ್ಚುಕಮ್ಮಿ ಇಷ್ಟೇ: ನಾವು ಆಡುವ ಮಾತು, ಬರೆಯುವ ಬರಹ, ಅದರಿಂದ ಆಗುವ ಕೆಲಸ.

ಇನ್ನು ನಿಮ್ಮ ದೂರು. ಬಿಲ್ಲಿಗ್ ಕೂಡ ನಿಮ್ಮ ಕಡೆಯೇ! ಸಮಾಜವಿಜ್ಞಾನಿಗಳು ದಪ್ಪ ದಪ್ಪ ನಾಮಪದ ಕಟ್ಟಿ, ಯಾರು ಏನು ಮಾಡಿದರು ಅನ್ನುವುದನ್ನೇ ಮುಚ್ಚಿಡುತ್ತಾರೆ ಅಂತ 2013ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಬೈದದ್ದು ಬೇರೆಯವರನ್ನಲ್ಲ, ತಮ್ಮ ಜೊತೆಯವರನ್ನೇ. ಅದನ್ನು ನಮ್ಮ ಲೇಖಕರಿಗೂ ದಾಟಿಸಿದ್ದೇನೆ.

ಮಗಳಿಗೆ ಒಂದು ವಿಷಯ ಮೊದಲೇ ಹೇಳಿಬಿಡಿ. ರೆಕಾರ್ಡ್ ಮಾಡಿದ ಮಾತನ್ನು ಕೆಮ್ಮು, ತಡವರಿಕೆ, ಮೌನ ಸಮೇತ ಬರೆದಿಳಿಸಬೇಕು, ಒಂದು ಗಂಟೆಯ ಮಾತಿಗೆ ದಿನಗಟ್ಟಲೆ ಹಿಡಿಯುತ್ತದೆ. ಒಳ್ಳೆಯ ಇಯರ್‌ಫೋನ್ ಕೊಡಿಸಿ.