ಕೊಲೆಗಾರ 98ನೇ ಪುಟದಲ್ಲಿ ಬಂದರೆ

ತೀರ್ಥಹಳ್ಳಿಯ ಓದುಗರೊಬ್ಬರು ಬರೆದ ಉದ್ದ ಪತ್ರದ ಒಂದು ತುಣುಕು: "ಎರಡು ವರ್ಷ ಕೂತು ಒಂದು ಮರ್ಡರ್ ಮಿಸ್ಟರಿ ಬರೆದೆ. 112 ಪುಟ ಆಯಿತು. ಕಥೆ ಕೇಳಿದ ನಿರ್ಮಾಪಕರೊಬ್ಬರು 'ಇಂಟರ್ವಲ್ ಬ್ಯಾಂಗ್ ಇಲ್ಲ, ಸೆಕೆಂಡ್ ಹಾಫ್ ಲ್ಯಾಗ್, ಕ್ಲೈಮ್ಯಾಕ್ಸ್ ಮೋಸ' ಅಂದುಬಿಟ್ಟರು. ಗೆಳೆಯರು ಮೂರು ಅಂಕದ ಸೂತ್ರ ಕಲಿ ಅಂತಾರೆ. ಬದುಕು ಮೂರು ಅಂಕದಲ್ಲಿ ನಡೆಯುತ್ತಾ? ಎಲ್ಲರೂ ಒಂದೇ ಅಚ್ಚಿಗೆ ಹೊಯ್ದರೆ ಹೊಸದು ಎಲ್ಲಿಂದ ಬರಬೇಕು? ಸ್ಕ್ರಿಪ್ಟ್ ಕಳಿಸಿದ್ದೇನೆ, ನೀವೇ ಹೇಳಿ."

ಗೆಳೆಯರೇ,

ಸ್ಕ್ರಿಪ್ಟ್ ಪೂರ್ತಿ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಓದಿದೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಕಥೆಯೊಳಗೆ ಒಂದು ಅಪ್ಪಟ ಚಿನ್ನದ ಸೀನ್ ಇದೆ. ಅಡಿಕೆ ಮಂಡಿಯ ಗುಮಾಸ್ತ ಸುಬ್ಬಣ್ಣ ತುಂಗಾ ಹೊಳೆಯಲ್ಲಿ ಹೆಣವಾಗಿ ಸಿಕ್ಕಿದ್ದಾನೆ. ಪಿ.ಎಸ್.ಐ. ಶಾರದಾ ಮಂಡಿಯ ಕಿರ್ದಿ ಪುಸ್ತಕ, ಅಂದರೆ ದಿನದ ಲೆಕ್ಕದ ಪುಸ್ತಕ, ತಿರುವುತ್ತಾಳೆ. ಮಂಡಿಯವರು ರೈತನ ಕೈಗೆ ಕೊಟ್ಟ ಪಟ್ಟಿಯಲ್ಲಿ 'ಗೊರಬಲು' ಅಂತಿದೆ, ಕಿರ್ದಿಯಲ್ಲಿ ಅದೇ ಮೂಟೆ 'ಸರಕು' ಆಗಿದೆ. ಅಡಿಕೆ ಸೀಮೆಯವರಲ್ಲದವರಿಗೆ ಹೇಳಬೇಕೆಂದರೆ, ಸರಕು ಎಲ್ಲಕ್ಕಿಂತ ದುಬಾರಿ, ಗೊರಬಲು ಅಗ್ಗದ ಮಾಲು. ಒಂದೇ ಪದದಲ್ಲಿ ಇಡೀ ಮೋಸ ಕಾಣುತ್ತದೆ. ಇದನ್ನು ಬೆಂಗಳೂರಿನ ರೂಮಲ್ಲಿ ಕೂತು ಯಾರೂ ಬರೆಯಲಾರರು. ಆದರೆ ಇಂಥ ಸೀನನ್ನು ನೀವು 70ನೇ ಪುಟದಲ್ಲಿ, ಇಬ್ಬರು ಕಾನ್‌ಸ್ಟೇಬಲ್‌ಗಳು ಚಹಾ ಕುಡಿಯುವ ಮಾತಿನ ನಡುವೆ ಸುಮ್ನೆ ಕಳೆದುಬಿಟ್ಟಿದ್ದೀರಿ. ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಅಲ್ಲಿ.

ಈಗ ಸೂತ್ರದ ವಿಷಯ. ನಿಮ್ಮ ಗೆಳೆಯರು ಹೇಳುತ್ತಿರುವ ಲೆಕ್ಕವನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಸಿಡ್ ಫೀಲ್ಡ್ 1979ರಲ್ಲಿ ಬರೆದ ಪುಸ್ತಕ. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ. 120 ಪುಟದಲ್ಲಿ ಮೊದಲ 30 ಪುಟ ಪರಿಚಯ, ನಡುವಿನ 60 ಸಂಘರ್ಷ, ಕೊನೆಯ 30 ಪರಿಹಾರ. ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಕಥೆಯ ದಿಕ್ಕು ಬದಲಿಸುವ ಒಂದು ತಿರುವು. ಇದರಲ್ಲಿ ತಪ್ಪೇನಿಲ್ಲ. ಆದರೆ ಇದು ಹಾಲಿವುಡ್ ಸಿನಿಮಾಗಳನ್ನು ಮುಂದಿಟ್ಟುಕೊಂಡು ಹಾಕಿದ ಲೆಕ್ಕ, ಅಲ್ಲಿನ ಸಿನಿಮಾ ಸಾಮಾನ್ಯವಾಗಿ ಇಂಟರ್ವಲ್ ಇಲ್ಲದೆ ಒಂದೇ ಓಟದಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಹಾಗಲ್ಲ. ನಡುವಿನ ಆ 60 ಪುಟದ ಹೊಟ್ಟೆಯಲ್ಲೇ ಲೈಟ್ ಹತ್ತುತ್ತದೆ, ಜನ ಎದ್ದು ಹೊರಗೆ ಹೋಗುತ್ತಾರೆ, ಪಾಪ್‌ಕಾರ್ನ್ ಸಾಲಿನಲ್ಲಿ ನಿಂತು ಪಕ್ಕದವರ ಹತ್ತಿರ ಮಾತಾಡುತ್ತಾರೆ. ಆ ಹತ್ತು ನಿಮಿಷ ಅವರು ಏನು ಮಾತಾಡಬೇಕು ಅನ್ನುವುದನ್ನೂ ನೀವೇ ಬರೆಯಬೇಕು. ನಮ್ಮ ಕಟ್ಟಡದ ದೊಡ್ಡ ಕಂಬ ಅದು.

ನಿಮ್ಮ 56ನೇ ಪುಟದಲ್ಲಿ ಇಂಟರ್ವಲ್ ಇದೆ. ಅಲ್ಲಿ ಎರಡನೇ ಹೆಣ ಬೀಳುತ್ತದೆ. ನಿರ್ಮಾಪಕರು ಬ್ಯಾಂಗ್ ಇಲ್ಲ ಅಂದದ್ದು ಕೇಳಿ ನಿಮಗೆ ಸಿಟ್ಟು ಬಂದಿದೆ, ಹೆಣಕ್ಕಿಂತ ದೊಡ್ಡ ಬ್ಯಾಂಗ್ ಏನು ಬೇಕು ಅಂತ. ಆದರೆ ನೋಡಿ, ಸಿನಿಮಾ ಶುರುವಾದಾಗ ನಮ್ಮ ತಲೆಯಲ್ಲಿದ್ದ ಪ್ರಶ್ನೆ 'ಕೊಂದವರು ಯಾರು'. ಎರಡನೇ ಹೆಣ ಬಿದ್ದ ಮೇಲೂ ಪ್ರಶ್ನೆ ಅದೇ. ಸದ್ದು ಜಾಸ್ತಿ ಆಯಿತು, ಪ್ರಶ್ನೆ ಬದಲಾಗಲಿಲ್ಲ. ಈಗ ಆ ಕಿರ್ದಿ ಸೀನನ್ನು ತಂದು ಇಲ್ಲಿಡಿ. ಶಾರದಾ ಪಟ್ಟಿ ಮತ್ತು ಕಿರ್ದಿ ಎರಡನ್ನೂ ಒಟ್ಟಿಗೆ ಹಿಡಿದು ನೋಡುತ್ತಾಳೆ. ಎರಡರಲ್ಲೂ ಇರುವುದು ಸತ್ತ ಸುಬ್ಬಣ್ಣನದೇ ಕೈಬರಹ. ಇಲ್ಲಿವರೆಗೆ ನಾವು ಪಾಪ ಅಂದುಕೊಂಡಿದ್ದ ಮನುಷ್ಯ ತಾನೇ ರೈತರಿಗೆ ಟೋಪಿ ಹಾಕುತ್ತಿದ್ದನಾ? ಅಥವಾ ಯಾರೋ ಬರೆಸುತ್ತಿದ್ದರಾ? ಒಂದು ಹನಿ ರಕ್ತ ಬೇಡ. ಲೈಟ್ ಹಾಕಿ.

ಹಾಡು ಹಾಕಲಾ ಫೈಟ್ ಹಾಕಲಾ ಅಂತಲೂ ಕೇಳಿದ್ದೀರಿ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಎಲ್ಲರೂ ಕಲಸಿಬಿಡುತ್ತಾರೆ. ಹಾಡು, ಫೈಟ್, ಹೀರೋ ಎಂಟ್ರಿ ಇವೆಲ್ಲ ಮಾರುಕಟ್ಟೆಯ ರೂಢಿ. ಕೊಲೆಯ ಕಥೆ ತನ್ನ ಪಾಡಿಗೆ ಅವನ್ನು ಕೇಳುವುದಿಲ್ಲ. ನಿರ್ದೇಶಕ ಸುನಿಲ್ ಕುಮಾರ್ ದೇಸಾಯಿ 1989ರಲ್ಲಿ 'ತರ್ಕ' ಮಾಡಿದಾಗ ಒಂದೂ ಹಾಡು ಇಡಲಿಲ್ಲ, 1993ರ 'ನಿಷ್ಕರ್ಷ'ದಲ್ಲೂ ಇಡಲಿಲ್ಲ. ಜನ ಕೂತು ನೋಡಿದರು. ಅವರು ಮುರಿದದ್ದು ಮಾರುಕಟ್ಟೆಯ ರೂಢಿಯನ್ನು. ಥ್ರಿಲ್ಲರ್‌ಗೆ ಬೇಕಾದ ಬಿಗಿಯನ್ನು ಅವರು ಒಂದಿಷ್ಟೂ ಸಡಿಲ ಮಾಡಲಿಲ್ಲ. ನೀವು ಮಾಡಿರುವುದು ಇದಕ್ಕೆ ತಿರುಗಾಮುರುಗಾ. ಮಳೆಯಲ್ಲಿ ಒಂದು ಡ್ಯುಯೆಟ್ ಇಟ್ಟಿದ್ದೀರಿ, ಕೊಲೆಗಾರನನ್ನು 98ನೇ ಪುಟದಲ್ಲಿ ಮುಂಬೈಯಿಂದ ಬಸ್ಸಿಳಿಸಿದ್ದೀರಿ!

ಕ್ಲೈಮ್ಯಾಕ್ಸ್ ಮೋಸ ಅಂತ ಆ ನಿರ್ಮಾಪಕರು ಅಂದದ್ದು ಇದಕ್ಕೇ, ಮತ್ತು ಈ ವಿಷಯದಲ್ಲಿ ನಾನು ಅವರ ಕಡೆ. ಕೊಂದವನು ಮಂಡಿ ಸಾಹುಕಾರರ ತಮ್ಮ. ಅವರಿಗೆ ಒಬ್ಬ ತಮ್ಮ ಇದ್ದಾನೆ ಅನ್ನುವುದೇ ನಮಗೆ ಅಲ್ಲಿವರೆಗೆ ಗೊತ್ತಿಲ್ಲ. ಇದು ಹೊಸ ದೂರೂ ಅಲ್ಲ. ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ ತಾವೂ ಪತ್ತೇದಾರಿ ಕಥೆ ಬರೆಯುತ್ತಿದ್ದವರು. 1929ರಲ್ಲಿ ಅವರು ಇಂಥ ಕಥೆಗಳಿಗೆ ಹತ್ತು ಕಟ್ಟಳೆ ಬರೆದರು. ಮೊದಲನೆಯದೇ, ಅಪರಾಧಿ ಕಥೆಯ ಆರಂಭದ ಭಾಗದಲ್ಲೇ ಕಾಣಿಸಿಕೊಂಡಿರಬೇಕು ಅನ್ನುವುದು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಅನ್ನುವುದು ಇನ್ನೊಂದು. ಮುಂಚೆ ಸೂಚನೆ ಕೊಡದೆ ಅವಳಿ ಸೋದರನನ್ನು ತರಬಾರದು ಅಂತಲೂ ಇದೆ, ಡಬಲ್ ಆ್ಯಕ್ಟಿಂಗ್ ನೋಡಿ ಬೆಳೆದ ನಮಗೆ ಅದರ ಅಗತ್ಯ ಚೆನ್ನಾಗಿ ಅರ್ಥವಾಗುತ್ತದೆ ಅಲ್ವಾ. ಕೊಲೆಯ ಕಥೆ ಅಂತ ಹೇಳಿ ಟಿಕೆಟ್ ಮಾರಿದ ಕೂಡಲೇ ನೋಡುವವರು ನಿಮ್ಮ ಜೊತೆ ಆಟಕ್ಕೆ ಕೂರುತ್ತಾರೆ. ಅವನ ಮೇಲೆ ಡೌಟು, ಇವಳ ಮೇಲೆ ಡೌಟು ಅಂತ ಲೆಕ್ಕ ಹಾಕುತ್ತಾ ಹೋಗುತ್ತಾರೆ. ಸೋಲಲು ಅವರು ತಯಾರು, ಖುಷಿಯಾಗಿ ಸೋಲುತ್ತಾರೆ, ಆದರೆ ಅವರಿಗೆ ತೋರಿಸದ ಎಲೆಯಿಂದ ನೀವು ಗೆಲ್ಲಬಾರದು.

ಅಚ್ಚು ಅನ್ನುವ ಮಾತು ನಿಮ್ಮ ಪತ್ರದಲ್ಲಿ ನಾಲ್ಕು ಸಲ ಬಂದಿದೆ. ನಿಮ್ಮೂರ ಕಡೆ ತಾಳಮದ್ದಳೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳದೆ ಬೆಳೆದಿರಲಾರಿರಿ. 'ವಾಲಿವಧೆ' ಪ್ರಸಂಗ. ಭಾಗವತರು ಹಾಡುವ ಪದ್ಯ ಅದೇ. ವಾಲಿ ಸಾಯುತ್ತಾನೆ ಅನ್ನುವುದು ಮಕ್ಕಳಿಗೂ ಗೊತ್ತು. ವೇಷ ಇಲ್ಲ, ಕುಣಿತ ಇಲ್ಲ. ಆದರೂ ಬಾಣ ತಾಗಿ ಬಿದ್ದ ವಾಲಿ 'ಮರೆಯಲ್ಲಿ ನಿಂತು ಯಾಕೆ ಹೊಡೆದೆ' ಅಂತ ರಾಮನನ್ನು ಕೇಳುವ ಹೊತ್ತಿಗೆ ಮಲಗಿದ್ದವರೂ ಎದ್ದು ಕೂರುತ್ತಾರೆ. ಯಾಕೆಂದರೆ ಇವತ್ತು ವಾಲಿಯಾಗಿ ಮಾತಾಡುವ ಅರ್ಥಧಾರಿ ಆ ಪ್ರಶ್ನೆಯನ್ನು ಹೇಗೆ ಕೇಳುತ್ತಾನೆ, ಎದುರಿಗಿರುವ ರಾಮ ಏನು ಹೇಳಿ ಉಳಿದುಕೊಳ್ಳುತ್ತಾನೆ ಅನ್ನುವುದು ಯಾರಿಗೂ ಗೊತ್ತಿಲ್ಲ. ಆ ಜಾಗ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿರುವುದರಿಂದಲೇ ಅಲ್ಲಿ ಅಷ್ಟು ಕಾವು. ಒಬ್ಬ ವಾಲಿ ಆ ಪ್ರಶ್ನೆ ಕೇಳದೇ ಪ್ರಾಣ ಬಿಟ್ಟರೆ ಹೊಸತನ ಅಂತ ಯಾರೂ ಅನ್ನುವುದಿಲ್ಲ, ಕಂಬಳಿ ಹೊದ್ದು ಮನೆಗೆ ಹೋಗುತ್ತಾರೆ.

ಇನ್ನು ಸೆಕೆಂಡ್ ಹಾಫ್. ಆ ತಮ್ಮನನ್ನು 9ನೇ ಪುಟಕ್ಕೇ ಕರೆತನ್ನಿ. ಮುಂಬೈ ಬೇಡ, ಮಂಡಿಯಲ್ಲೇ ತೂಕದ ಹತ್ತಿರ ನಿಂತಿರಲಿ. ಕಿರ್ದಿ ಪುಸ್ತಕವನ್ನು ಠಾಣೆಗೆ ತಂದುಕೊಡುವವನು ಅವನೇ ಆಗಲಿ. ಸಹಾಯ ಮಾಡುವವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಆಮೇಲೆ 75ನೇ ಪುಟದ ಆಸುಪಾಸಿನಲ್ಲಿ ಧೈರ್ಯ ಮಾಡಿ, ಕೊಂದವನು ಇವನೇ ಅಂತ ನಮಗೆ ತೋರಿಸಿಬಿಡಿ. ಶಾರದಾಗೆ ಗೊತ್ತಾಗುವುದು ಬೇಡ. ಗುಟ್ಟು ಒಡೆದರೆ ಕಥೆ ಮುಗಿಯಿತಲ್ಲ ಅಂತ ಭಯವಾಗಬಹುದು. ಹಿಚ್‌ಕಾಕ್ 1958ರ 'ವರ್ಟಿಗೊ'ದಲ್ಲಿ ಮಾಡಿದ್ದು ಇದನ್ನೇ. ಮೂಲ ಕಾದಂಬರಿಯಲ್ಲಿ ಕೊನೆಗೆ ತಿಳಿಯುವ ಗುಟ್ಟನ್ನು ಅವರು ಸಿನಿಮಾ ಇನ್ನೂ ಬೇಕಾದಷ್ಟು ಬಾಕಿ ಇರುವಾಗಲೇ ನೋಡುವವರಿಗೆ ಬಿಟ್ಟುಕೊಟ್ಟರು. ನಾಯಕನಿಗೆ ಮಾತ್ರ ಗೊತ್ತಿಲ್ಲ. ಅಲ್ಲಿಂದ ಅವನು ಗುಟ್ಟಿನ ಹತ್ತಿರ ಇಡುವ ಒಂದೊಂದು ಹೆಜ್ಜೆಯೂ ನಮಗೆ ಸಂಕಟ.

ನಿಮ್ಮಲ್ಲಿ ಶಾರದಾ ಮಂಡಿಯ ಜೀಪಿನಲ್ಲಿ ಆಗುಂಬೆ ಘಾಟಿ ಇಳಿಯುವ ಆರು ಪುಟ ಇದೆಯಲ್ಲ, ಮಳೆ, ಮಂಜು, ಅಡಿಕೆಯ ಕೊಳೆರೋಗದ ಮಾತು? ಈಗ ಓದಿದರೆ ಅದೇ ಶುದ್ಧ ಲ್ಯಾಗ್. ಜೀಪು ಓಡಿಸುತ್ತಿರುವವನು ಆ ತಮ್ಮ ಅಂತ ಇಟ್ಟುಕೊಂಡು, ನಮಗೆ ವಿಷಯ ಗೊತ್ತಿದೆ ಅಂತ ಇಟ್ಟುಕೊಂಡು ಅದನ್ನೇ ಇನ್ನೊಮ್ಮೆ ಓದಿ ನೋಡಿ. ನಾನು ಹಾಗೆ ಓದಿದೆ. ಒಂದು ಡೈಲಾಗ್ ಕೂಡ ಬದಲಿಸಬೇಕು ಅನಿಸಲಿಲ್ಲ. 'ಈ ತಿರುವಲ್ಲಿ ಸ್ವಲ್ಪ ನಿಲ್ಲಿಸಿ' ಅಂತ ಶಾರದಾ ಹೇಳುವ ಸಾಲಿಗೆ ನನ್ನ ಕೈ ತಣ್ಣಗಾಯಿತು.

ಡ್ಯುಯೆಟ್ ತೆಗೆಯಿರಿ. ಎರಡನೇ ಹೆಣ ಬೇಕೇ ಬೇಡವೇ ಅಂತ ಯೋಚಿಸಿ, ನನಗಂತೂ ಬೇಡ ಅನಿಸುತ್ತದೆ. ಒಂದೊಂದು ಸೀನಿಗೆ ಒಂದೊಂದು ಸಾಲಿನಂತೆ ಒನ್ ಲೈನ್ ಆರ್ಡರ್ ಬರೆದು ಕಳಿಸಿ, ಪೂರ್ತಿ ಸ್ಕ್ರಿಪ್ಟ್ ಈಗಲೇ ತಿದ್ದಬೇಡಿ. ಪಾತ್ರಗಳ ಹೆಸರು ಬೇಕಾದರೆ ಬದಲಿಸಿ, ಊರು ಬೇಕಾದರೆ ಬದಲಿಸಿ. ಯಾರಾದರೂ 'ಗೊರಬಲು ಅಂದರೆ ಬೆಂಗಳೂರಿನವರಿಗೆ ತಿಳಿಯಲ್ಲ' ಅಂದರೆ ಮಾತ್ರ ಒಪ್ಪಬೇಡಿ. ಆ ಸಾಲು ಹಾಗೇ ಇರಲಿ.

- ಸಂಪಾದಕ