ಅಪ್ಪನಿಗೆ ಮೂರು ಪುಟ, ಅತ್ತೆಗೆ ಒಂದು ಸಾಲು

ಪತ್ರ: "ಮಕ್ಕಳಿಗೆ ಹೊಡೆಯಬಾರದು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮಪ್ಪ ಬೆಲ್ಟಿನಲ್ಲಿ ಬಾರಿಸುತ್ತಿದ್ದರು. ರಾತ್ರಿಯಿಡೀ ಕೊಟ್ಟಿಗೆಯಲ್ಲಿ ಕೂಡಿಹಾಕುತ್ತಿದ್ದರು. ಸೋದರತ್ತೆ ಕಿಟಕಿಯಿಂದ ರೊಟ್ಟಿ ಕೊಟ್ಟು, ಬೆಳಗ್ಗೆ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದರು. ನಾನೇನು ಹಾಳಾದೆನೇ? ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತನಾದೆ. ಉಳಿಪೆಟ್ಟು ತಿಂದ ಕಲ್ಲೇ ಮೂರ್ತಿಯಾಗುವುದು. ಈಗಿನ ಮಕ್ಕಳಿಗೆ ಗಟ್ಟಿತನವೇ ಇಲ್ಲ. ಅಂದಹಾಗೆ, ಈಗಲೂ ಚಿಲಕದ ಸದ್ದಾದರೆ ನನಗೆ ಎಚ್ಚರವಾಗುತ್ತದೆ."
– ಹೆಸರು ಬೇಡ ಎಂದ ಓದುಗರು, ಹಾಸನ ಜಿಲ್ಲೆ

ಸಂಪಾದಕರ ಉತ್ತರ:

ಸಾರ್, ನಿಮ್ಮ ನಾಲ್ಕು ಪುಟದ ಪತ್ರವನ್ನು ಇಷ್ಟಕ್ಕೆ ಇಳಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಹಾಳಾಗಲಿಲ್ಲ, ನಿಜ. ಏಟು ತಿಂದವರೆಲ್ಲ ಹಾಳಾಗಿಯೇ ತೀರುತ್ತಾರೆ ಎನ್ನುವವರ ಮಾತು ನನಗೂ ಹಿಡಿಸುವುದಿಲ್ಲ. ಅಲ್ಲಿಗೆ ನಿಮ್ಮ ಪಾಲಿನ ಒಪ್ಪಿಗೆ ಮುಗಿಯಿತು. ಇನ್ನು ನನ್ನ ಜಗಳ.

ಮೊದಲು ಆ ಕಲ್ಲಿನ ಮಾತು. ನಿಮ್ಮದೇ ಜಿಲ್ಲೆಯ ಹಳೇಬೀಡು, ಬೇಲೂರಿಗೆ ಹೋಗಿ ನೋಡಿ. ಅಷ್ಟು ಸಣ್ಣ ಕುಸುರಿ ಸಾಧ್ಯವಾದದ್ದು ಬಳಪದ ಕಲ್ಲು ಮೆದುವಾಗಿದ್ದರಿಂದ. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಮೇಲೆ ನಿಧಾನಕ್ಕೆ ಗಟ್ಟಿ. ಕೆತ್ತಿದವರು ಕಲ್ಲಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿರಲಿಲ್ಲ. ಏಟು ತಪ್ಪಿ ಒಡೆದ ಕಲ್ಲನ್ನು ಬದಿಗೆ ಎಸೆದಿರುತ್ತಾರೆ, ಅದನ್ನು ನೋಡಲು ಯಾರೂ ಟಿಕೆಟ್ ತೆಗೆದುಕೊಂಡು ಹೋಗುವುದಿಲ್ಲ, ಅಲ್ವಾ?

ಎರಡು ವರ್ಷದ ಹಿಂದೆ ನಮ್ಮ ಹೈಸ್ಕೂಲಿನವರೆಲ್ಲ ಸೇರಿ ಗುರುವಂದನೆ ಮಾಡಿದೆವು. ಬೆತ್ತದ ಮೇಷ್ಟ್ರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಕ್ ಹಿಡಿದವರೆಲ್ಲ "ಸಾರ್ ಹೊಡೆದಿದ್ದಕ್ಕೇ ಉದ್ಧಾರವಾದೆವು" ಎಂದರು. ನಾನೂ ಚಪ್ಪಾಳೆ ತಟ್ಟಿದೆ. ಊಟಕ್ಕೆ ಕೂತಾಗ ನೆನಪಾಯಿತು: ಕೊನೆ ಬೆಂಚಿನಲ್ಲಿ ಒಬ್ಬನಿದ್ದ. ಒಂದು ದಿನ ಏಟು ತಿಂದು ಹೋದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಅವನನ್ನು ಯಾರೂ ಕರೆದಿರಲಿಲ್ಲ. ಅವನ ಫೋನ್ ನಂಬರ್ ಯಾರ ಹತ್ತಿರವೂ ಇರಲಿಲ್ಲ.

ಹವಾಯಿಯ ಕವಾಯಿ ದ್ವೀಪದಲ್ಲಿ ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಯವರು 1955ರಲ್ಲಿ ಹುಟ್ಟಿದ 698 ಮಕ್ಕಳ ಬೆನ್ನು ಹತ್ತಿದರು. ಒಂದೆರಡು ವರ್ಷವಲ್ಲ, ಆ ಮಕ್ಕಳಿಗೆ ನಲವತ್ತಾಗುವವರೆಗೆ. ಸುಮಾರು ಮೂರರಲ್ಲೊಂದು ಪಾಲು ಮಕ್ಕಳದು ಕಷ್ಟದ ಮನೆ: ಬಡತನ, ಕುಡಿತ, ಜಗಳ, ತಾಯಿ ಅಥವಾ ತಂದೆಗೆ ಮಾನಸಿಕ ಕಾಯಿಲೆ. ಇವರಲ್ಲಿ ಮತ್ತೆ ಮೂರರಲ್ಲಿ ಇಬ್ಬರು ಹದಿನೆಂಟರೊಳಗೆ ಎಡವಿದರು. ಉಳಿದ ಒಬ್ಬರು ಚೆನ್ನಾಗಿಯೇ ಬೆಳೆದರು. ಏಟು ಜಾಸ್ತಿ ಬಿದ್ದವರೇ ಗೆದ್ದರು ಅಂತ ವರ್ನರ್ ಎಲ್ಲೂ ಬರೆಯಲಿಲ್ಲ. ಗೆದ್ದವರ ಕಥೆಯಲ್ಲಿ ಮತ್ತೆ ಮತ್ತೆ ಸಿಕ್ಕಿದ್ದು ಒಬ್ಬ ಅಜ್ಜಿ, ಒಬ್ಬ ಚಿಕ್ಕಮ್ಮ, ಒಬ್ಬ ಮೇಷ್ಟ್ರು, ಪಕ್ಕದ ಮನೆಯವರು. ಈ ಮಗು ನನಗೆ ಬೇಕು ಎಂದುಕೊಂಡ ಯಾರೋ ಒಬ್ಬರು. ಇನ್ನೂ ಒಂದು ಸಂಗತಿ ನನಗೆ ತುಂಬ ಇಷ್ಟ. ಹದಿನೆಂಟರಲ್ಲಿ ದಾರಿ ತಪ್ಪಿದವರಲ್ಲೂ ಬಹಳ ಜನ ಮೂವತ್ತು, ನಲವತ್ತರ ಹೊತ್ತಿಗೆ ಸುಧಾರಿಸಿಕೊಂಡಿದ್ದರು. ಕೆಲವರಿಗೆ ಓದು ಮುಂದುವರಿಸುವ ಅವಕಾಶ, ಕೆಲವರಿಗೆ ಒಳ್ಳೆಯ ಸಂಗಾತಿ.

ನಿಮ್ಮ ಕಥೆಯಲ್ಲಿ ಆ ಒಬ್ಬರು ಯಾರು ಸಾರ್? ಅಪ್ಪನಿಗೆ ಮೂರು ಪುಟ ಕೊಟ್ಟಿದ್ದೀರಿ. ಅತ್ತೆಗೆ ಒಂದೇ ಸಾಲು.

ಮ್ಯಾನೇಜರ್ ಆದಿರಿ ಸರಿ, ಚಿಲಕದ ಸದ್ದಿನ ಲೆಕ್ಕ ಎಲ್ಲಿ ಬರೆಯೋಣ? ಅಮೆರಿಕದಲ್ಲಿ ಫೆಲಿಟಿ, ಆಂಡಾ ಎಂಬ ವೈದ್ಯರು ಸಾವಿರಾರು ದೊಡ್ಡವರನ್ನು ಅವರ ಬಾಲ್ಯದ ಬಗ್ಗೆ ಕೇಳಿ, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕ್ಕಂದಿನಲ್ಲಿ ಬೇರೆ ಬೇರೆ ಬಗೆಯ ಹಿಂಸೆ, ಕಷ್ಟ ಹೆಚ್ಚು ಕಂಡವರಲ್ಲಿ ಮುಂದೆ ಹೃದ್ರೋಗ, ಕುಡಿತ, ಖಿನ್ನತೆಯೂ ಹೆಚ್ಚಿತ್ತು. ಹೊರಗೆ ಕೋಟು ಟೈ ಇದ್ದರೂ ಮೈ ತನ್ನ ಲೆಕ್ಕ ಇಟ್ಟುಕೊಂಡಿರುತ್ತದೆ. ಎಲ್ಲರಿಗೂ ಹೀಗೇ ಆಗಬೇಕೆಂದಿಲ್ಲ. ಆದರೆ ನಿದ್ದೆ ಕೆಡುವುದನ್ನು ಡಾಕ್ಟರ ಹತ್ತಿರ ಹೇಳಿಕೊಳ್ಳಿ. ಈ ವಯಸ್ಸಿನಲ್ಲಿ ಯಾಕೆ ಅನ್ನಬೇಡಿ.

ಶಾಲೆಯಲ್ಲಿ ಮಕ್ಕಳನ್ನು ಹೊಡೆಯಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಅದಕ್ಕೆ ಎರಡು ವರ್ಷ ಮೊದಲು, 2007ರಲ್ಲಿ, ಕೇಂದ್ರ ಸರ್ಕಾರವೇ 13 ರಾಜ್ಯಗಳ ಸಮೀಕ್ಷೆ ಪ್ರಕಟಿಸಿತ್ತು. ಮಾತಾಡಿಸಿದ ಮಕ್ಕಳಲ್ಲಿ ಮೂವರಲ್ಲಿ ಇಬ್ಬರು ಏಟು ತಿಂದವರು. (ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ. ಖುಷಿ ಪಡುವಂಥದ್ದೇನೂ ಇಲ್ಲ.) ಆದರೂ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ದಿನಬೆಳಗಾದರೆ "ಛಡಿ ಛಂ ಛಂ, ವಿದ್ಯಾ ಘಂ ಘಂ". ಪತ್ರಿಕೆಯವರೇನು ಸಾಚಾಗಳಲ್ಲ. ರ‍್ಯಾಂಕ್ ಬಂದವರನ್ನು, ಅಧಿಕಾರಿ ಆದವರನ್ನು ಹುಡುಕಿಕೊಂಡು ಹೋಗಿ "ನೋವೇ ನಿಮ್ಮನ್ನು ಬೆಳೆಸಿತು ಅಲ್ವಾ?" ಎಂದು ನಾವೇ ಉತ್ತರ ಬಾಯಿಗೆ ತುರುಕುತ್ತೇವೆ. ನಾನೂ ಅಂಥ ತಲೆಬರಹ ಕೊಟ್ಟಿದ್ದೇನೆ. ಕಿಟಕಿಯಿಂದ ರೊಟ್ಟಿ ಕೊಟ್ಟವರ ಫೋಟೋ ಒಂದು ಸಲವೂ ಹಾಕಿಲ್ಲ.

ಈ "ಗಟ್ಟಿತನ" ಎಂಬ ಮಾತೂ ನನಗೆ ಸಾಕಾಗಿದೆ. ಕೆಲವರು ಇದಕ್ಕೆ "ಸ್ಥಿತಿಸ್ಥಾಪಕತ್ವ" ಅಂತಾರೆ, ವಿಜ್ಞಾನದ ಪಾಠದಲ್ಲಿ ರಬ್ಬರಿಗೆ ಹೇಳುವ ಮಾತು. ನನಗೆ "ಚೇತರಿಕೆ" ಸಾಕು. ಜ್ವರ ಬಿಟ್ಟವರಿಗೆ ಅನ್ನುತ್ತೇವಲ್ಲ, ಹಾಗೆ. ಚೇತರಿಸಿಕೊಂಡವರನ್ನು ನೋಡಿ ಯಾರೂ ಜ್ವರಕ್ಕೆ ಶಾಲು ಹೊದಿಸುವುದಿಲ್ಲ.

ಮುಂದಿನ ಸಂಚಿಕೆಗೆ ಅತ್ತೆಯ ಬಗ್ಗೆ ಬರೆದು ಕಳಿಸಿ. ಮೂರು ಪುಟ ಇರಲಿ, ಒಂದಕ್ಷರವನ್ನೂ ಕತ್ತರಿಸುವುದಿಲ್ಲ. ಹಚ್ಚುತ್ತಿದ್ದದ್ದು ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ, ಅದನ್ನೂ ಬರೆಯಿರಿ.